ಓಟದ ಹದ

ಓಡುವುದನ್ನು ಯಾರೂ ಯಾರಿಗೂ ಕಲಿಸಬೇಕಾದುದಿಲ್ಲವೆಂದು ನಲವತ್ತೇಳನೆಯ ವರ್ಷದವರೆಗೂ ನಾನು ನಂಬಿಕೊಂಡಿದ್ದೆನು. ಮಗುವು ನಡೆಯಲು ಕಲಿತ ಮರುದಿನವೇ ಓಡತೊಡಗುವುದು; ನಾಯಿ ಬೆನ್ನಟ್ಟಿದರೆ ಎಂಬತ್ತರ ಮುದುಕನೂ ಓಡುವನು. ಇದರಲ್ಲಿ ಅಭ್ಯಾಸವೇನು, ಲೆಕ್ಕಾಚಾರವೇನು ಎಂದು ಕೇಳುವವರು ವಾಚಕರಲ್ಲಿಯೂ ಕೆಲವರಿರಬಹುದು. ಅಂಥವರಿಗಾಗಿಯೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ನಾನು ಹೆಸರಾಂತ ಓಟಗಾರನಲ್ಲ. ಪುತ್ತೂರಿನ ಬಳಿಯ ನರಿಮೊಗರಿನಲ್ಲಿ ಎರಡೆಕರೆ ಅಡಿಕೆ ತೋಟವನ್ನು ನೋಡಿಕೊಂಡಿರುವ ಒಬ್ಬ ಗೃಹಸ್ಥನು. ಆದರೂ ಮ್ಯಾರಥಾನು ಓಡಬೇಕೆಂಬ ಹುಚ್ಚು ಹಿಡಿದು, ಒಮ್ಮೆ ಸೋತು, ಆ ಸೋಲಿನ ಕಾರಣವನ್ನು ಮನೆಯ ಜಗುಲಿಯಲ್ಲಿಯೇ ಕಂಡುಕೊಂಡವನಾದ್ದರಿಂದ ಈ ವಿಷಯದಲ್ಲಿ ಮಾತನಾಡಲು ತಕ್ಕಮಟ್ಟಿನ ಅಧಿಕಾರವುಂಟೆಂದು ಭಾವಿಸಿದ್ದೇನೆ.

ಹುಚ್ಚಿಗೆ ಮೂಲವಾದುದು ಒಂದು ರಕ್ತಪರೀಕ್ಷೆ. ಸಕ್ಕರೆಯ ಅಂಶವು ಗಡಿಯನ್ನು ಮುಟ್ಟಿದೆಯೆಂದೂ, ಸದ್ಯಕ್ಕೆ ಗುಳಿಗೆ ಬೇಡವೆಂದೂ, ದಿನಕ್ಕೆ ಮುಕ್ಕಾಲು ಗಂಟೆ ಚುರುಕಾಗಿ ನಡೆಯಬೇಕೆಂದೂ ವೈದ್ಯರು ಹೇಳಿದರು. ನಡೆದೆನು. ನಡಿಗೆಯು ಕೆಲವು ತಿಂಗಳಲ್ಲಿ ಓಟವಾಯಿತು. ಓಟವು ಐದು ಕಿಲೋಮೀಟರಾಗಿ, ಹತ್ತಾಗಿ, ಕೊನೆಗೆ ಬೆಂಗಳೂರಿನಲ್ಲಿ ಒಂದು ಅರ್ಧ ಮ್ಯಾರಥಾನು, ಎಂದರೆ ೨೧ ಕಿಲೋಮೀಟರಿನ ಓಟವಾಯಿತು. ಸಕ್ಕರೆ ಇಳಿಯಿತು, ಸೊಂಟದ ಸುತ್ತಳತೆಯೂ ಇಳಿಯಿತು. ಏರಿದುದು ಒಂದೇ, ನನ್ನ ಅಹಂಕಾರ. ಮುಂದಿನ ಜನವರಿಯಲ್ಲಿ ಮುಂಬಯಿಯ ಪೂರ್ಣ ಮ್ಯಾರಥಾನಿಗೆ ಹೆಸರು ಕೊಟ್ಟು ಬಂದೆನು. ಮಾಟುಂಗದಲ್ಲಿ ಅಕ್ಕನ ಮನೆಯಿದ್ದುದರಿಂದ ಉಳಿದುಕೊಳ್ಳುವ ಚಿಂತೆಯೂ ಇರಲಿಲ್ಲ.

ಮನೆಯಲ್ಲಿ ಈ ಸುದ್ದಿಗೆ ಸಂತೋಷವಾಗಲಿಲ್ಲ. ಅದಕ್ಕೆ ಕಾರಣವುಂಟು. ನನ್ನ ತಂದೆಯವರು ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ, ಅಡಿಕೆಯ ಬುಟ್ಟಿಯನ್ನು ಹೊತ್ತು ತೋಟದಿಂದ ಮೇಲಕ್ಕೆ ಬರುತ್ತಿದ್ದವರು ಮೂರನೆಯ ಮೆಟ್ಟಿಲಿನಲ್ಲಿ ಕುಳಿತುಬಿಟ್ಟು, "ಸ್ವಲ್ಪ ನೀರು ಕೊಡು ಮಗಾ" ಎಂದರು. ನೀರು ತರಲು ಓಡಿದವಳು ಮದುವೆಯಾಗಿ ಬಂದು ಆರು ತಿಂಗಳೂ ತುಂಬದ ನನ್ನ ಹೆಂಡತಿ. ಅವಳು ಚೆಂಬು ಹಿಡಿದು ಮರಳಿ ಬರುವಷ್ಟರಲ್ಲಿ ಅವರ ಮಾತು ನಿಂತುಹೋಗಿತ್ತು. ಆ ಮೆಟ್ಟಿಲುಗಳು ಇಂದಿಗೂ ಹಾಗೆಯೇ ಇವೆ. ನಾವು ದಿನಕ್ಕೆ ಹತ್ತು ಸಲ ಅವುಗಳನ್ನು ಹತ್ತಿ ಇಳಿಯುತ್ತೇವೆ.

ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿ, ವೈದ್ಯರ ಒಪ್ಪಿಗೆಯ ಚೀಟಿಯನ್ನು ಅವಳ ಮುಂದಿಟ್ಟೆನು. ಚೀಟಿಯನ್ನು ಓದಿ ಮಡಿಸಿ ಡಬ್ಬಿಯೊಳಗಿಟ್ಟು ಅವಳು ಹೇಳಿದಳು:

"ಓಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ನಾನು ಫೋನು ಮಾಡಿದಾಗ ಎತ್ತಬೇಕು. ಎತ್ತಿ ಸರಿಯಾಗಿ ಮಾತಾಡಬೇಕು. ಮಾತು ತುಂಡು ತುಂಡಾದರೆ ಅಲ್ಲಿಂದಲೇ ನಡೆದುಕೊಂಡು ಮನೆಗೆ ಬರಬೇಕು."

ಇದನ್ನು ನಾನು ಹೆಂಗಸರ ಅಂಜಿಕೆಯೆಂದು ಬಗೆದು ನಕ್ಕು ಒಪ್ಪಿಕೊಂಡೆನು. ವ್ಯಾಯಾಮಶಾಸ್ತ್ರವನ್ನು ಬಲ್ಲವರು ಇದೇ ಪರೀಕ್ಷೆಯನ್ನು ಗಂಭೀರವಾಗಿ ಬಳಸುತ್ತಾರೆಂಬುದು ಆಗ ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಓಡುತ್ತ ಪೂರ್ಣ ವಾಕ್ಯಗಳನ್ನು ಆಡಲು ಸಾಧ್ಯವಾದರೆ ಓಟವು ಹದವಾಗಿದೆ. ಮೂರು ನಾಲ್ಕು ಪದಗಳಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾದರೆ ಶ್ರಮವು ಮೇರೆಯನ್ನು ದಾಟುತ್ತಿದೆ. ಬರಿಯ 'ಹೂಂ', 'ಇಲ್ಲ' ಎಂಬಷ್ಟೇ ಹೊರಡುವುದಾದರೆ ದಾಟಿಯೇ ಆಗಿದೆ. ಇದಕ್ಕೆ ಕಾರಣ ಸರಳವಾದುದು. ಒಂದು ಮಿತಿಯನ್ನು ಮೀರಿ ದುಡಿದ ಸ್ನಾಯುಗಳಲ್ಲಿ ಆಮ್ಲಾಂಶವು ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ದೇಹವು ಇಂಗಾಲಾಮ್ಲವಾಯುವನ್ನು ಬೇಗ ಬೇಗನೆ ಹೊರಗೆ ತಳ್ಳಬೇಕಾಗುತ್ತದೆ. ಆಗ ಉಸಿರಿಗೆ ಮಾತಿನ ಉಪಚಾರಕ್ಕೆ ಬಿಡುವಿರುವುದಿಲ್ಲ. ಸ್ವೀಡನ್ ದೇಶದ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞರು ೧೯೬೦ರ ದಶಕದಲ್ಲಿ ಶ್ರಮವನ್ನು ಅಳೆಯಲು ೬ರಿಂದ ೨೦ರವರೆಗಿನ ಒಂದು ಮಾನವನ್ನೇ ಏರ್ಪಡಿಸಿದರು. ವಿಚಿತ್ರವಾದ ಈ ಅಂಕಿಗಳನ್ನು ಹತ್ತರಿಂದ ಗುಣಿಸಿದರೆ ಆರೋಗ್ಯವಂತನಾದ ತರುಣನ ಎದೆಬಡಿತಕ್ಕೆ, ಎಂದರೆ ನಿಮಿಷಕ್ಕೆ ೬೦ರಿಂದ ೨೦೦ಕ್ಕೆ, ಹೆಚ್ಚುಕಡಿಮೆ ಹೊಂದುತ್ತದೆ. ಈ ಮಾನಕ್ಕೆ ಯಂತ್ರವೇನೂ ಬೇಡ, 'ಎಷ್ಟು ಕಷ್ಟವಾಗುತ್ತಿದೆ?' ಎಂದು ಓಡುವವನನ್ನು ಕೇಳಬೇಕು, ಅವನು ನಿಜವನ್ನು ಹೇಳಬೇಕು, ಅಷ್ಟೆ.

ನಿಜವನ್ನು ಹೇಳಬೇಕೆಂಬಲ್ಲಿಯೇ ನನ್ನ ಕಥೆಯಿರುವುದು.

ನಮ್ಮೂರ ದಾರಿಯ ಬಗ್ಗೆ ಎರಡು ಮಾತು ಹೇಳಬೇಕು. ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಹೋಗುವ ರಸ್ತೆಯು ಪುರುಷರಕಟ್ಟೆ, ನರಿಮೊಗರು, ಸರ್ವೆ, ಸವಣೂರುಗಳ ಮೂಲಕ ಸಾಗುತ್ತದೆ. ಇದರಲ್ಲಿ ಸಮತಟ್ಟಾದ ನೆಲವೆಂಬುದು ಅಪರೂಪ. ಒಂದು ತಿರುವಿನಲ್ಲಿ ರಬ್ಬರು ತೋಟದ ಗುಡ್ಡವನ್ನು ಏರಿದರೆ ಮುಂದಿನ ತಿರುವಿನಲ್ಲಿ ಅಡಿಕೆ ತೋಟದ ತಗ್ಗಿಗೆ ಇಳಿಯಬೇಕು. ಇಳಿದೆನೆಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಏರು. ಆಷಾಢ ಶ್ರಾವಣಗಳಲ್ಲಿ ಹಾಸುಮಳೆ, ರಸ್ತೆಯ ಅಂಚಿನಲ್ಲಿ ಪಾಚಿ. ಅಕ್ಟೋಬರು ಬಂದರೆ ಮಳೆಯಿಲ್ಲದಿದ್ದರೂ ಗಾಳಿಯಲ್ಲಿ ನೀರು ತುಂಬಿಕೊಂಡು ಬೆವರು ಆರುವುದೇ ಇಲ್ಲ. ಬೆವರು ಸುರಿಯುವುದರಿಂದ ಮೈ ತಣಿಯುವುದಿಲ್ಲ, ಅದು ಆವಿಯಾಗಿ ಹೋಗುವುದರಿಂದ ತಣಿಯುತ್ತದೆ. ಆವಿಯಾಗದಿದ್ದರೆ ಹೃದಯವು ಸ್ನಾಯುಗಳಿಗೂ ರಕ್ತ ಕೊಟ್ಟು, ಮೈಯ ಕಾವನ್ನು ಹೊರಹಾಕಲು ಚರ್ಮಕ್ಕೂ ರಕ್ತ ಕೊಡುವ ಇಮ್ಮಡಿ ದುಡಿಮೆಯನ್ನು ಹೊರಬೇಕಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನ ತಂಪು ಮುಂಜಾವಿನಲ್ಲಿ ಸುಲಭವೆನಿಸಿದ ಗತಿಯು ನಮ್ಮ ಕರಾವಳಿಯ ತಗ್ಗಿನಲ್ಲಿ ಅದೇ ಮನುಷ್ಯನಿಗೆ, ಅದೇ ಕಾಲುಗಳಿಗೆ, ಸುಲಭವಾಗಿರಲಾರದು.

ನಾನಿದನ್ನು ಎಣಿಸಲಿಲ್ಲ. ಬೆಂಗಳೂರಿನ ಅರ್ಧ ಓಟವನ್ನು ಒಂದು ಗಂಟೆ ಐವತ್ತೆಂಟು ನಿಮಿಷಗಳಲ್ಲಿ ಮುಗಿಸಿದ್ದೆನು. ಅದನ್ನು ಎರಡರಿಂದ ಗುಣಿಸಿ, ಧಾರಾಳವಾಗಿ ನಾಲ್ಕು ನಿಮಿಷ ಸೇರಿಸಿ, ಪೂರ್ಣ ಓಟಕ್ಕೆ ನಾಲ್ಕು ಗಂಟೆಯೆಂದು ನಿಶ್ಚಯಿಸಿದೆನು. ಪೂರ್ಣ ಮ್ಯಾರಥಾನಿನ ದೂರ ೪೨.೧೯೫ ಕಿಲೋಮೀಟರು, ೧೯೦೮ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ಆ ದೂರವನ್ನೇ ೧೯೨೧ರಲ್ಲಿ ಶಾಶ್ವತವಾಗಿ ನಿಗದಿಗೊಳಿಸಿದರು. ನಾಲ್ಕು ಗಂಟೆಗೆ ಅದನ್ನು ಹಂಚಿದರೆ ಕಿಲೋಮೀಟರೊಂದಕ್ಕೆ ೫ ನಿಮಿಷ ೪೧ ಸೆಕೆಂಡು. ಹಾಗಾದರೆ ದಿನವೂ ಅದೇ ಗತಿಯಲ್ಲಿ ಓಡಿದರೆ ಕಾಲು ಅದಕ್ಕೇ ಒಗ್ಗುವುದೆಂಬುದು ನನ್ನ ತರ್ಕ. ಅಂಗಡಿಯವನು ತೂಕದ ಕಲ್ಲನ್ನು ನಂಬುವಂತೆ ಕೈಗಡಿಯಾರವನ್ನು ನಂಬಿದೆನು. ಅದು ಉಪಗ್ರಹದ ಸಂಕೇತದಿಂದ ಗತಿಯನ್ನೂ, ಮಣಿಕಟ್ಟಿನ ನಾಡಿಯಿಂದ ಎದೆಬಡಿತವನ್ನೂ ತೋರಿಸುತ್ತಿತ್ತು. ಮೊದಲನೆಯ ಅಂಕಿಯನ್ನು ನಾನು ನೂರು ಸಲ ನೋಡುತ್ತಿದ್ದೆನು, ಎರಡನೆಯದನ್ನು ನೋಡುತ್ತಿರಲಿಲ್ಲ. ನೋಡಿದ್ದರೆ ೧೬೦ನ್ನು ದಾಟಿದುದು ಕಾಣಿಸುತ್ತಿತ್ತು. ೨೨೦ರಿಂದ ವಯಸ್ಸನ್ನು ಕಳೆದರೆ ಬರುವುದು ಹೃದಯದ ಗರಿಷ್ಠ ಬಡಿತವೆಂಬ ಒರಟು ಲೆಕ್ಕದಂತೆ ನನ್ನ ಮೇಲ್ಮಿತಿ ೧೭೩. ಎಂದರೆ ಅಭ್ಯಾಸದ ಓಟವೆಂದು ನಾನು ಕರೆಯುತ್ತಿದ್ದುದು ದಿನವೂ ಒಂದೊಂದು ಪಂದ್ಯವೇ ಆಗಿತ್ತು.

ನಮ್ಮ ಸೀಮೆಯಲ್ಲಿ ಓಟವೆಂದರೆ ವೇಗವೆಂಬ ಭಾವನೆ ರಕ್ತಗತವಾದುದು. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳವನ್ನು ನೋಡುತ್ತ ಬೆಳೆದವರು ನಾವು. ೨೦೨೦ನೆಯ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರಿನ ಕೆಸರುಗದ್ದೆಯನ್ನು ಕೋಣಗಳೊಡನೆ ೧೩.೬೨ ಸೆಕೆಂಡುಗಳಲ್ಲಿ ದಾಟಿದಾಗ ದೇಶವೇ ಬೆರಗಾಗಿ ನೋಡಿತು. ಕೋಣಗಳ ಎಳೆತದ ನೆರವಿದ್ದ ಆ ಓಟವನ್ನು ಬಯಲಿನ ನೂರು ಮೀಟರಿಗೆ ಹೋಲಿಸುವುದು ಸರಿಯಲ್ಲವೆನ್ನಿ. ಆದರೆ ಹದಿಮೂರು ಸೆಕೆಂಡಿನ ಕೆಲಸಕ್ಕೆ ಇದ್ದಷ್ಟನ್ನೂ ಒಮ್ಮೆಗೇ ಸುರಿಯಬಹುದು ಎಂಬುದು ನನ್ನ ಮಾತು. ನಾಲ್ಕು ಗಂಟೆಯ ಕೆಲಸಕ್ಕೆ ಹಾಗೆ ಸುರಿದರೆ ಪಾತ್ರೆಯು ಬರಿದಾಗುವುದು. ಕರೆಯ ಬದಿಯಲ್ಲಿ ನಿಂತು ಕೂಗಿದವರ ಮಕ್ಕಳಾದ ನಮಗೆ ನಿಧಾನವಾಗಿ ಓಡುವುದೆಂದರೆ ಸ್ವಲ್ಪ ನಾಚಿಕೆಯೇ. ಹಾಲಿನ ಡಿಪೋಗೆ ಹೋಗುವವರು ದಾರಿಯಲ್ಲಿ ಸಿಕ್ಕಿದರೆ ನಾನು ಬೇಕೆಂದೇ ವೇಗವನ್ನು ಹೆಚ್ಚಿಸುತ್ತಿದ್ದೆನು.

ಇನ್ನು ಭಾನುವಾರದ ಫೋನು. ಬೆಳಿಗ್ಗೆ ಆರೂವರೆಯ ಸುಮಾರಿಗೆ, ನಾನು ಸರ್ವೆಯ ಗೌರಿ ಹೊಳೆಯನ್ನು ದಾಟಿ ಆಚೆಯ ಏರಿನಲ್ಲಿರುವಾಗ ಅದು ಬರುತ್ತಿತ್ತು. ಮೊದಲ ಸಲ ನಿಜಕ್ಕೂ ಮಾತು ಹೊರಡಲಿಲ್ಲ. 'ಫೋನು ಕೈಯಿಂದ ಜಾರಿತು' ಎಂದು ಸುಳ್ಳು ಹೇಳಿ ಪಾರಾದೆನು. ಅನಂತರ ಉಪಾಯವೊಂದು ಹೊಳೆಯಿತು. ಗಂಟೆ ಬಾರಿಸಿದೊಡನೆ ನಿಂತುಬಿಡುವುದು, ರಸ್ತೆಯ ಬದಿಯ ಮೋರಿಕಟ್ಟೆಗೆ ಕೈಯೂರಿ ಐದಾರು ಸಲ ದೀರ್ಘವಾಗಿ ಉಸಿರೆಳೆದುಕೊಳ್ಳುವುದು, ಆಮೇಲೆ ಫೋನೆತ್ತಿ, ಜಗುಲಿಯಲ್ಲಿ ಕುಳಿತವನ ಧ್ವನಿಯಲ್ಲಿ, "ಎಂಥದು? ಇಲ್ಲೇ ಸರ್ವೆ ದಾಟಿದೆ, ಆರಾಮದಲ್ಲಿದ್ದೇನೆ" ಎನ್ನುವುದು. "ಸರಿ" ಎಂದು ಅವಳು ಇಡುತ್ತಿದ್ದಳು. ಹದಿನಾಲ್ಕು ಭಾನುವಾರಗಳು ಹೀಗೆಯೇ ನಡೆದುವು. ಗಡಿಯಾರದಲ್ಲಿ ಆ ನಿಲುಗಡೆಯು ಲೆಕ್ಕಕ್ಕೆ ಬಾರದಂತೆ ಗುಂಡಿಯನ್ನು ಒತ್ತುವುದನ್ನೂ ಕಲಿತಿದ್ದೆನು. ಹೀಗೆ ಹೆಂಡತಿಯನ್ನೂ ಗಡಿಯಾರವನ್ನೂ ಒಮ್ಮೆಗೇ ಮೋಸಗೊಳಿಸಿದ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡದ್ದುಂಟು.

೨೦೨೩ನೆಯ ಜನವರಿ ೧೫ರಂದು ಮುಂಬಯಿಯಲ್ಲಿ ಬೆಳಕು ಹರಿಯುವ ಮುನ್ನವೇ ಓಟವು ಹೊರಟಿತು. ಮೊದಲ ಅರ್ಧವನ್ನು ಎರಡು ಗಂಟೆಗಳಲ್ಲಿ ಮುಗಿಸಿದೆನು. ಲೆಕ್ಕ ಕೂದಲಿನಷ್ಟೂ ತಪ್ಪಲಿಲ್ಲ. ಸಮುದ್ರದ ಮೇಲಿನ ಸೇತುವೆಯನ್ನು ದಾಟುವಾಗ ನನ್ನಷ್ಟು ಸುಖಿ ಬೇರೆ ಇರಲಿಲ್ಲ. ಇಪ್ಪತ್ತೆಂಟನೆಯ ಕಿಲೋಮೀಟರಿನಲ್ಲಿ ತೊಡೆಗಳು ಮರದಂತಾದುವು. ಮೂವತ್ತೆರಡರಲ್ಲಿ ಗತಿಯು ಕಿಲೋಮೀಟರಿಗೆ ಎಂಟು ನಿಮಿಷಕ್ಕೆ ಇಳಿಯಿತು. ಹಾಜಿ ಅಲಿಯ ಎದುರಿಗೆ ಬಂದಾಗ ಮೀನಖಂಡವು ಗಂಟುಕಟ್ಟಿ, ಕಣ್ಣಿಗೆ ಮಂಜು ಕವಿದು, ರಸ್ತೆಯ ಬದಿಯಲ್ಲಿ ಕುಳಿತೆನು. ನೀರು ಕೊಡುತ್ತಿದ್ದ ಹುಡುಗನೊಬ್ಬನು ಓಡಿಬಂದು ಕಾಲು ನೀವತೊಡಗಿದನು.

ಇದರ ಕಾರಣವನ್ನು ಈಗ ಬಲ್ಲೆನು. ಓಡುವವನಿಗೆ ಎರಡು ಉಗ್ರಾಣಗಳು: ಸ್ನಾಯುಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಕೂಡಿಟ್ಟ ಸಕ್ಕರೆ ಒಂದು, ಮೈಯಲ್ಲಿರುವ ಕೊಬ್ಬು ಇನ್ನೊಂದು. ಕೊಬ್ಬು ತೆಳ್ಳಗಿನವನಲ್ಲಿಯೂ ಹಲವು ಮ್ಯಾರಥಾನುಗಳಿಗೆ ಸಾಲುವಷ್ಟಿದೆ, ಆದರೆ ಅದು ನಿಧಾನವಾಗಿ ಉರಿಯುವ ಸೌದೆ. ಸಕ್ಕರೆ ಬೇಗನೆ ಉರಿಯುವ ತೆಂಗಿನ ಗರಿಯಂತೆ. ಸುಮಾರು ಮೂವತ್ತು ಕಿಲೋಮೀಟರಿಗೆ ಮುಗಿಯುವಷ್ಟೇ ಅದರ ದಾಸ್ತಾನು. ಶ್ರಮವು ಹೆಚ್ಚಿದಷ್ಟೂ ದೇಹವು ಗರಿಯನ್ನೇ ಬೇಡುತ್ತದೆ. ಶ್ರಮವು ಹದವಾಗಿದ್ದರೆ ಸೌದೆಯಿಂದಲೂ ಅಡುಗೆ ನಡೆಯುತ್ತದೆ. ತಿಂಗಳುಗಟ್ಟಲೆ ನಿಧಾನವಾದ ದೂರದ ಓಟಗಳನ್ನು ಓಡುವುದೇತಕ್ಕೆಂದರೆ, ಸೌದೆಯನ್ನು ಉರಿಸುವ ಒಲೆಯನ್ನು ಕಟ್ಟಿಕೊಳ್ಳುವುದಕ್ಕೆ. ನಾನು ಒಲೆ ಕಟ್ಟಿರಲಿಲ್ಲ. ದಿನವೂ ಗರಿಯನ್ನು ಉರಿಸಿ ಜ್ವಾಲೆಯನ್ನು ನೋಡಿ ಹಿಗ್ಗಿದ್ದೆನು.

ಆದರೆ ಇದೆಲ್ಲ ಆಮೇಲಿನ ಮಾತು. ಅಲ್ಲಿ ಕುಳಿತಿದ್ದಾಗ ಸೊಂಟದ ಚೀಲದೊಳಗೆ ಫೋನು ಬಾರಿಸುತ್ತಿತ್ತು. ಎಂಟೂಮುಕ್ಕಾಲು. ನರಿಮೊಗರಿನಿಂದಲೇ ಎಂದು ತಿಳಿದಿತ್ತು. ಎತ್ತಲಿಲ್ಲ. ಎತ್ತಲು ಕೈಯಲ್ಲಿ ಶಕ್ತಿಯಿರಲಿಲ್ಲವೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ, ಆ ಧ್ವನಿಯನ್ನು ಅವಳಿಗೆ ಕೇಳಿಸಲು ನನಗೆ ಧೈರ್ಯವಿರಲಿಲ್ಲ. ಅದು ನಿಂತು ಮತ್ತೆ ಬಾರಿಸಿತು. ನಿಂತು ಮತ್ತೆ ಬಾರಿಸಿತು. ಗಾಡಿಯಲ್ಲಿ ಕರೆದೊಯ್ದು, ಉಪ್ಪುಸಕ್ಕರೆಯ ನೀರು ಕುಡಿಸಿ ಮಲಗಿಸಿದ ಮೇಲೆ, ನಲವತ್ತು ನಿಮಿಷ ಕಳೆದು, ನಾನೇ ಫೋನು ಮಾಡಿದೆನು. ಒಂದೇ ಗಂಟೆಗೆ ಎತ್ತಿದಳು. "ಏನೂ ಆಗಿಲ್ಲ, ಓಟ ಬಿಟ್ಟೆ" ಎಂದೆನು. ಬಹಳ ಹೊತ್ತು ಆಚೆಯಿಂದ ಮಾತಿಲ್ಲ. ಆಮೇಲೆ, "ಊಟ ಮಾಡಿ ಮಲಗಿ" ಎಂದಷ್ಟೇ ಹೇಳಿದಳು.

ಮತ್ಸ್ಯಗಂಧ ರೈಲಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಮನೆಗೆ ಮುಟ್ಟಿದಾಗ ಅಂಗಳದ ತುಂಬ ಅಡಿಕೆ ಹರಡಿತ್ತು. ತೋಟದ ಮೂರನೆಯ ಮೆಟ್ಟಿಲಿನ ಮೇಲೆ ಒಂದು ಚೆಂಬು ಇತ್ತು. ಯಾರೋ ಕೆಲಸದವರು ಮರೆತು ಹೋಗಿರಬೇಕೆಂದುಕೊಂಡು ಎತ್ತಲು ಹೋದರೆ ಅದರಲ್ಲಿ ನೀರು ತುಂಬಿತ್ತು. ಆ ನಲವತ್ತು ನಿಮಿಷ ಅವಳು ಎಲ್ಲಿ ಕುಳಿತಿದ್ದಳೆಂಬುದು ಆಗ ನನಗೆ ತಿಳಿಯಿತು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ರಾತ್ರಿ ಊಟವಾದ ಮೇಲೆ ಮೋರಿಕಟ್ಟೆಯ ಕಥೆಯನ್ನು ಒಪ್ಪಿಸಿಬಿಟ್ಟೆನು. ಅವಳು ಎಲೆಯಡಿಕೆಯ ತಟ್ಟೆಯನ್ನು ಸರಿಸುತ್ತ, "ನನಗೆ ಗೊತ್ತಿತ್ತು" ಎಂದಳು.

"ಹೇಗೆ?"

"ಆರಾಮದಲ್ಲಿ ಓಡುವವರು ಎರಡನೆಯ ಗಂಟೆಗೆ ಎತ್ತುತ್ತಾರೆ. ನೀವು ಏಳು ಎಂಟು ಗಂಟೆ ಆದಮೇಲೆ ಎತ್ತುತ್ತಿದ್ದಿರಿ. ಮತ್ತೆ, ನಿಮ್ಮ ಕಾಲಿನ ಸದ್ದು ಕೇಳುತ್ತಿರಲಿಲ್ಲ."

"ಹಾಗಾದರೆ ಹೇಳಲಿಲ್ಲ ಯಾಕೆ?"

"ನೀವಾಗಿಯೇ ಹೇಳಲಿ ಎಂದು ಕಾದೆ. ಸುಳ್ಳು ಹೇಳುವುದು ನನಗಲ್ಲ ಮಾರಾಯರೇ, ನಿಮ್ಮ ಎದೆಗೆ. ಅದಕ್ಕೆ ಲೆಕ್ಕ ಬರುತ್ತದೆ."

ಓಟವನ್ನು ಬಿಟ್ಟುಬಿಡುವೆನೆಂದೆನು. ಅದಕ್ಕೂ ಅವಳು ಒಪ್ಪಲಿಲ್ಲ. ಸಕ್ಕರೆ ಇಳಿದುದು ಓಟದಿಂದಲೇ ತಾನೆ! ಬಿಡುವುದೂ ಹಠ, ಹಾಗೆ ಓಡುವುದೂ ಹಠ ಎಂಬುದು ಅವಳ ಅಭಿಪ್ರಾಯ.

ಆ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಬಂದ ಮರ ಹತ್ತುವ ಅಣ್ಣನನ್ನು ನಾನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆನು. ಅರುವತ್ತರ ಹತ್ತಿರದ ಮನುಷ್ಯ. ಇಪ್ಪತ್ತು ವರ್ಷಗಳಿಂದ ನಮ್ಮ ತೋಟಕ್ಕೆ ಬರುತ್ತಿದ್ದಾನೆ. ಕಾಲಿಗೆ ತಳೆ ಹಾಕಿ, ಬೆಳಗಿನ ಮೊದಲನೆಯ ಮರವನ್ನು ಅವನು ಎಷ್ಟು ನಿಧಾನವಾಗಿ ಹತ್ತಿದನೆಂದರೆ, ಮೈ ಹುಷಾರಿಲ್ಲವೇನೋ ಎಂದು ನನಗೆ ಸಂಶಯ ಬಂತು. ತುದಿಯಲ್ಲಿ ಕುಳಿತು, ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕಿಳಿಯದೆಯೇ ಅದಕ್ಕೆ ದಾಟಿದನು, ಅಲ್ಲಿಂದ ಮತ್ತೊಂದಕ್ಕೆ. ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಕೊನೆಯ ಮರವನ್ನು ಹತ್ತುವಾಗ ಗಡಿಯಾರ ಹಿಡಿದು ನೋಡಿದೆನು. ಬೆಳಗಿನ ಮರಕ್ಕೂ ಅದಕ್ಕೂ ನಾಲ್ಕೈದು ಸೆಕೆಂಡುಗಳ ವ್ಯತ್ಯಾಸವೂ ಇರಲಿಲ್ಲ. ಬೆಳಿಗ್ಗೆ ಅಷ್ಟು ನಿಧಾನವೇಕೆಂದು ಕೇಳಿದೆನು. ಅವನು ತುಳುವಿನಲ್ಲಿ ಹೇಳಿದುದರ ತಾತ್ಪರ್ಯವಿಷ್ಟು: "ಬೆಳಿಗ್ಗೆ ಕೈಕಾಲು ಏನು ಬೇಕಾದರೂ ಮಾಡುತ್ತೇನೆ ಅನ್ನುತ್ತದೆ ಅಣ್ಣ. ಅದನ್ನು ನಂಬಿದರೆ ಮಧ್ಯಾಹ್ನ ಕೆಳಗೆ ಬೀಳುವುದು ನಾನು." ಮರದ ಮೇಲೆ ಅವನು ಹಾಡುತ್ತಿರುತ್ತಾನೆ, ಅಥವಾ ಕೆಳಗಿನವರೊಡನೆ ಹರಟುತ್ತಿರುತ್ತಾನೆ. ಅದು ಉಲ್ಲಾಸವೆಂದು ನಾನೆಣಿಸಿದ್ದೆನು, ಅದು ಅಳತೆಗೋಲಾಗಿತ್ತು.

ಆಮೇಲೆ ನಾನು ಬೇರೆ ಬಗೆಯಾಗಿ ಓಡತೊಡಗಿದೆನು. ಗಡಿಯಾರದಲ್ಲಿ ಗತಿಯ ಅಂಕಿಯನ್ನು ಮರೆಮಾಡಿ ಎದೆಬಡಿತವನ್ನು ಮಾತ್ರ ಉಳಿಸಿಕೊಂಡೆನು. ಬಡಿತವು ೧೩೦ನ್ನು ಮೀರಬಾರದು. ಫೋನು ಬಂದರೆ ನಿಲ್ಲದೆ, ಮೂರನೆಯ ಗಂಟೆಯೊಳಗೆ ಎತ್ತಬೇಕು. ಎತ್ತಿ ಅವಳು ಕೇಳಿದ ಪ್ರಶ್ನೆಗೆ ಉದ್ದವಾದ ಉತ್ತರವನ್ನೇ ಕೊಡಬೇಕು. ಪ್ರಶ್ನೆಗಳನ್ನು ಅವಳು ಜಾಣತನದಿಂದ ಆರಿಸುತ್ತಿದ್ದಳು. "ಕ್ಯಾಂಪ್ಕೋದಲ್ಲಿ ನಿನ್ನೆ ಹೊಸ ಅಡಿಕೆಗೆ ಎಷ್ಟು, ಹಳೆ ಅಡಿಕೆಗೆ ಎಷ್ಟು?" "ನಿಮ್ಮ ಚಿಕ್ಕಮ್ಮನ ಮಗನ ಮದುವೆಗೆ ಬಂದವರು ಯಾರು ಯಾರು?" ಒಂದು ಸಲವಂತೂ ಗೌರಿ ಹೊಳೆಯಿಂದ ಸವಣೂರಿನವರೆಗೂ ನಾನು ಒಂದು ಪಾಲುಪಟ್ಟಿಯ ವ್ಯಾಜ್ಯವನ್ನು ವಿವರಿಸುತ್ತ ಓಡಿದೆನು. ರಸ್ತೆಯ ಬದಿಯ ಅಂಗಡಿಯವರು ನನಗೆ ತಲೆಕೆಟ್ಟಿತೆಂದು ನಂಬಿದರು.

ಮೊದಲ ತಿಂಗಳು ಅವಮಾನದಿಂದ ಕೂಡಿತ್ತು. ಸೆಪ್ಟೆಂಬರಿನ ಬೇಗೆಯಲ್ಲಿ ೧೩೦ರ ಬಡಿತಕ್ಕೆ ಸಿಕ್ಕುತ್ತಿದ್ದ ಗತಿ ಕಿಲೋಮೀಟರಿಗೆ ೭ ನಿಮಿಷ ೫೦ ಸೆಕೆಂಡು. ಕಡಿದಾದ ಏರುಗಳಲ್ಲಿ ನಡೆದೇ ಹೋಗಬೇಕಾಯಿತು. ಶಾಲೆಯ ಮಕ್ಕಳು ದಾಟಿ ಹೋದರು. ಆಗ ನನಗೆ ಸಮಾಧಾನವನ್ನು ಕೊಟ್ಟುದು ನಮ್ಮೂರ ನಿಲ್ದಾಣದ ಮೂಲಕ ಹಾದುಹೋಗುವ ರೈಲು. ಮಂಗಳೂರು-ಹಾಸನ ಮಾರ್ಗದ ಈ ಗಾಡಿಗಳು ನರಿಮೊಗರಿನಲ್ಲಿ ಸರಾಗವಾಗಿ ಓಡುತ್ತವೆ; ಮುಂದೆ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದಿಂದ ಸಕಲೇಶಪುರದವರೆಗಿನ ಸುಮಾರು ೫೫ ಕಿಲೋಮೀಟರು ಘಟ್ಟದಲ್ಲಿ, ಐವತ್ತು ಅಡಿಗೆ ಒಂದಡಿ ಏರುವ ಹಳಿಯ ಮೇಲೆ, ತೆವಳುತ್ತವೆ. ತೆವಳುವಾಗಲೇ ಎಂಜಿನ್ನಿನ ದುಡಿಮೆ ಹೆಚ್ಚು. ಗತಿಯು ಒಂದು, ಶ್ರಮವು ಇನ್ನೊಂದು. ಗಡಿಯಾರದ ಮೊದಲ ಅಂಕಿಯು ಎರಡನೆಯದನ್ನು ಹೇಳಲಾರದು. ಏರಿನಲ್ಲಿ ನಡೆದವನು ಸೋಮಾರಿಯಲ್ಲ, ಇಳಿಜಾರಿನಲ್ಲಿ ಹಾರಿದವನು ಶೂರನಲ್ಲ ಎಂಬುದು ಮನಸ್ಸಿಗೆ ಹಿಡಿಯಿತು. ಅಲ್ಲದೆ ದಟ್ಟವಾದ ಮರಗಳ ಅಡಿಯಲ್ಲಿ ಉಪಗ್ರಹದ ಅಳತೆಯೇ ತಪ್ಪುವುದುಂಟು. ಅದನ್ನು ನಂಬಿ ಒಂದು ವರ್ಷ ಕಳೆದಿದ್ದೆನು!

ಹೊತ್ತು ಹೋಗಲೆಂದು ಓದಿದ ಪುಸ್ತಕಗಳಲ್ಲಿ ಎರಡು ಸಂಗತಿಗಳು ಮನಸ್ಸಿನಲ್ಲಿ ಉಳಿದುವು. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಎಂಬ ಗುರುವು ಎರಡೇ ನಿಮಿಷದೊಳಗೆ ಮುಗಿಯುವ ೮೦೦ ಮೀಟರಿನ ಓಟಗಾರನಾದ ಪೀಟರ್ ಸ್ನೆಲ್ಲನಿಂದಲೂ ವಾರಕ್ಕೊಮ್ಮೆ ಇಪ್ಪತ್ತೆರಡು ಮೈಲಿಗಳ ಗುಡ್ಡದ ಓಟವನ್ನು ಓಡಿಸಿದನು; ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ ಚಿನ್ನವನ್ನು ಗೆದ್ದನು. ಇನ್ನೊಂದು ನಮ್ಮ ನಾಡಿನದೇ. ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ೧೯೨೦ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಬಂದರು. ಅಂದಿನ ದೂರ ಇಂದಿನದಕ್ಕಿಂತಲೂ ಹೆಚ್ಚು, ೪೨.೭೫ ಕಿಲೋಮೀಟರು, ಅವರು ತೆಗೆದುಕೊಂಡ ಕಾಲ ೨ ಗಂಟೆ ೫೦ ನಿಮಿಷ ೪೫ ಸೆಕೆಂಡು. ಎಂದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ನಾಲ್ಕೇ ನಿಮಿಷ, ಅದೂ ಮಣಿಕಟ್ಟಿನಲ್ಲಿ ನಾಡಿ ಹೇಳುವ ಯಂತ್ರವಿಲ್ಲದೆ, ಹಿಂದೆ ಯಾವ ಭಾರತೀಯನೂ ಓಡದ ಒಂದು ಒಲಿಂಪಿಕ್ ದಾರಿಯಲ್ಲಿ. ಒಡನೆ ಹೊರಟ ಇನ್ನೊಬ್ಬ ಭಾರತೀಯರಾದ ಸದಾಶಿವ ದಾತಾರರು ಆ ದಿನ ಓಟವನ್ನು ಪೂರೈಸಲಾಗಲಿಲ್ಲ. ತನ್ನ ಉಸಿರಿನ ಲೆಕ್ಕವನ್ನು ಚೌಗುಲೆಯವರು ಹೇಗೆ ಇಟ್ಟುಕೊಂಡರೋ ಎಂದು ಸರ್ವೆಯ ಏರಿನಲ್ಲಿ ನಡೆಯುತ್ತ ಎಷ್ಟೋ ಸಲ ಯೋಚಿಸಿದ್ದೇನೆ.

ಓಟಗಳೆಲ್ಲವೂ ನಿಧಾನವೇ ಆಗಬೇಕೆಂದು ವಾಚಕರು ತಿಳಿಯಬಾರದು. ಪಳಗಿದ ಓಟಗಾರರು ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಹದವಾಗಿಯೂ ಒಂದು ಪಾಲನ್ನು ಬಿರುಸಾಗಿಯೂ ಓಡುತ್ತಾರೆ. ನಾನೂ ಬುಧವಾರ ಕಟ್ಟೆಯ ಬಳಿಯ ಏರನ್ನು ಆರು ಸಲ ಬಿರುಸಾಗಿ ಓಡುತ್ತಿದ್ದೆನು. ಅಂದು ಫೋನು ಮಾಡಬಾರದೆಂಬ ಕರಾರು. ಉಳಿದ ದಿನಗಳಲ್ಲಿ ಹಿಂದಿನ ವರ್ಷ ನಾನು ಓಡುತ್ತಿದ್ದುದು ಈ ಎರಡರ ನಡುವಿನ ಎಡಬಿಡಂಗಿ ಓಟವನ್ನು: ಒಲೆ ಕಟ್ಟಲು ಮಿತಿಮೀರಿದ ವೇಗ, ಕಾಲಿಗೆ ಚುರುಕು ಕೊಡಲು ಸಾಲದ ವೇಗ.

ಡಿಸೆಂಬರಿನಲ್ಲಿ ಮಂಜು ಬೀಳತೊಡಗಿತು. ಕಾಣಿಯೂರಿನ ದಾರಿಯಲ್ಲಿ ಹದಿನೈದು ಕಿಲೋಮೀಟರು ಹೋಗಿ ಮರಳಿದ ಒಂದು ಭಾನುವಾರ, ಮನೆಗೆ ಬಂದು ಗತಿಯ ಅಂಕಿಯನ್ನು ತೆರೆದು ನೋಡಿದರೆ, ಅದೇ ೧೩೦ರ ಬಡಿತಕ್ಕೆ ಕಿಲೋಮೀಟರಿಗೆ ೭ ನಿಮಿಷ ೫ ಸೆಕೆಂಡು. ಮೂರು ತಿಂಗಳಲ್ಲಿ ಮುಕ್ಕಾಲು ನಿಮಿಷ! ತಂಪಿನ ಪಾಲನ್ನು ಕಳೆದರೂ ಉಳಿದುದು ಒಲೆಯ ಪಾಲು. ಹೆಂಡತಿಗೆ ತೋರಿಸಿದೆನು. ಅವಳು ಅಂಕಿಯನ್ನು ನೋಡಲಿಲ್ಲ, "ಇವತ್ತು ಮೂವತ್ತು ಓಡಿ ಬಂದು ದೋಸೆ ತಿನ್ನುತ್ತಿದ್ದೀರಿ. ಹೋದ ವರ್ಷ ಇಪ್ಪತ್ತಕ್ಕೇ ಮಧ್ಯಾಹ್ನದವರೆಗೆ ಮಲಗುತ್ತಿದ್ದಿರಿ" ಎಂದಳು.

೨೦೨೪ನೆಯ ಜನವರಿ ೨೧ರಂದು ಮತ್ತೆ ಮುಂಬಯಿ. ಅಕ್ಕನು ಅವಳನ್ನೂ ಕರೆದಿದ್ದಳು. ಆದರೆ ಅಂಗಳದಲ್ಲಿ ಅಡಿಕೆಯಿದ್ದುದರಿಂದ ಒಬ್ಬರು ಮನೆಯಲ್ಲಿರಲೇಬೇಕಾಯಿತು. ಈ ಸಲ ಹೊರಟಾಗ ನನ್ನ ಜೊತೆಯವರೆಲ್ಲ ಮುಂದೆ ಹೋದರು. ಕೈಕಾಲುಗಳು, ಮರ ಹತ್ತುವ 'ಅಣ್ಣ' ಹೇಳಿದಂತೆಯೇ, ಏನು ಬೇಕಾದರೂ ಮಾಡುತ್ತೇವೆಂದು ಕೂಗುತ್ತಿದ್ದುವು. ಅವುಗಳನ್ನು ಗದರಿಸಿ ಹಿಡಿದುಕೊಂಡೆನು. ಪಕ್ಕದಲ್ಲಿ ಓಡುತ್ತಿದ್ದ ಧಾರವಾಡದ ಹಿರಿಯರೊಬ್ಬರೊಡನೆ ಫೇಡೆಯ ವಿಷಯವನ್ನು ಸೇತುವೆಯ ಉದ್ದಕ್ಕೂ ಮಾತನಾಡಿದೆನು. ಮೂವತ್ತನೆಯ ಕಿಲೋಮೀಟರು ಬಂದಿತು, ಹೋಯಿತು. ಹಾಜಿ ಅಲಿಯ ಎದುರು ಕಳೆದ ವರ್ಷ ಕುಳಿತಿದ್ದ ಕಲ್ಲಿನ ಅಂಚನ್ನು ಕಣ್ಣಿನಿಂದಲೇ ಗುರುತಿಸಿ ಮುಂದೆ ಹೋದೆನು. ಮುಂದೆ ಪೆಡ್ಡರ್ ರಸ್ತೆಯ ಏರು; ಮೂವತ್ತೈದು ಕಿಲೋಮೀಟರು ದಾಟಿದ ಕಾಲುಗಳಿಗೆ ಅದನ್ನು ಇಟ್ಟವರು ಯಾರೋ ದಯೆಯಿಲ್ಲದವರು. ಎಡಬಲದಲ್ಲಿ ಬೆಳಿಗ್ಗೆ ನನ್ನನ್ನು ದಾಟಿ ಹೋದವರು ನಡೆಯುತ್ತಿದ್ದರು; ಕೆಲವರು ಕುಳಿತಿದ್ದರು.

ಅಲ್ಲಿ ಫೋನು ಬಾರಿಸಿತು. ಎರಡನೆಯ ಗಂಟೆಗೆ ಎತ್ತಿದೆನು. ಅವಳು ಏನೂ ಕೇಳಲಿಲ್ಲ, ನಾನೇ ಹೇಳಿದೆನು:

"ಪೆಡ್ಡರ್ ರಸ್ತೆಯ ಏರಿನಲ್ಲಿದ್ದೇನೆ. ಕಾಲು ನೋಯುತ್ತದೆ, ಉಸಿರು ಸರಿಯಾಗಿದೆ, ನಡೆಯುತ್ತಿಲ್ಲ, ಓಡುತ್ತಲೇ ಇದ್ದೇನೆ. ನಮ್ಮ ಸರ್ವೆಯ ಏರಿನಷ್ಟು ಇದೇನೂ ಇಲ್ಲ. ಅಂಗಳದ ಅಡಿಕೆ ಮಗುಚಿ ಹಾಕಿದೆಯಾ?"

ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ನನ್ನ ಕಾಲಿನ ಸದ್ದನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳೆಂದು ತೋರುತ್ತದೆ.

"ಹಾಕಿದೆ" ಎಂದಳು. "ಇಲ್ಲಿ ಸ್ವಲ್ಪ ಮೋಡ ಕಟ್ಟಿದೆ. ನಾನು ಮತ್ತೆ ಫೋನು ಮಾಡುವುದಿಲ್ಲ, ಅಡಿಕೆ ಒಟ್ಟುಮಾಡಬೇಕು. ನೀವು ಓಡಿ."

ನಾಲ್ಕು ಗಂಟೆ ನಲವತ್ತನಾಲ್ಕು ನಿಮಿಷಗಳಲ್ಲಿ ಓಟವು ಮುಗಿಯಿತು. ಮೋಡವು ಹಾಗೆಯೇ ಕರಗಿತಂತೆ. ಅಡಿಕೆಗೆ ಏನೂ ಆಗಲಿಲ್ಲ.